ಟಪಾಲಿಗೆ ಹಾಕದ ಕಾರ್ಡು

ಪಾಲಮೂರಿನ ಬಸ್ಸು ಮಕ್ತಲಕ್ಕೆ ಮುಟ್ಟುವುದು ಹನ್ನೊಂದಕ್ಕೆ. ರಾಘಣ್ಣ ಮಾಸ್ತರು ಎಂಟಕ್ಕೇ ಕೋಟು ತೊಟ್ಟರು, ಬೆವರು ಬಂತೆಂದು ಬಿಚ್ಚಿ ಗೂಟಕ್ಕೆ ಹಾಕಿದರು, ಒಳಜೇಬಿನಲ್ಲಿ ಕಾರ್ಡು ಇದೆಯೋ ಇಲ್ಲವೋ ಎಂದು ಮುಟ್ಟಿ ನೋಡಿದರು, ಮತ್ತೆ ತೊಟ್ಟರು. ಆ ಬಸ್ಸಿಗೆ ಹೈದರಾಬಾದಿನಿಂದ ಬರುವ ಶಿಷ್ಯ ಉರುಕುಂದಪ್ಪನಿಗೆ ಹೇಳಬೇಕಾದ ಮಾತು ಒಂದೇ. ನಿಮ್ಮವ್ವ ತೀರಿಕೊಂಡು ಇವತ್ತಿಗೆ ನಲವತ್ತೊಂದು ದಿನ, ನಿನಗೆ ತಿಳಿಸಬೇಡಿರೆಂದು ಊರಿಗೆಲ್ಲ ಹೇಳಿದವನು ನಾನೇ. ಇದನ್ನು ಬೆಳಗಿನಿಂದ ಹತ್ತು ಥರ ಹೇಳಿ ನೋಡಿದ್ದರು. ಸಾವಿನಿಂದ ಶುರುಮಾಡಿದರೆ ಉಳಿದದ್ದನ್ನು ಹೇಳುವಷ್ಟರಲ್ಲಿ ಹುಡುಗ ಕುಸಿದಿರುತ್ತಾನೆ. ನಿನ್ನ ಒಳ್ಳೆಯದಕ್ಕೇ ಮಾಡಿದೆ ಎಂದು ಶುರುಮಾಡಿದರೆ ಅದು ಅವರ ಕಿವಿಗೇ ಕಳ್ಳನ ಮಾತಿನಂತೆ ಕೇಳುತ್ತಿತ್ತು. ಮೂವತ್ತು ವರ್ಷ ಮಕ್ಕಳಿಗೆ ತ್ರೈರಾಶಿ ಹೇಳಿಕೊಟ್ಟ ಬಾಯಿ, ಎರಡು ವಾಕ್ಯವನ್ನು ಸರಿಯಾಗಿ ಜೋಡಿಸಲಾರದೆ ಒಣಗಿತ್ತು.

"ಅಲ್ರೀ, ಇವತ್ತ ಅವನಿಗೆ ಎಲಿ ಎಲ್ಲಿ ಹಾಕಲಿ?" ಎಂದು ಹೆಂಡತಿ ಕಾಶೀಬಾಯಿ ಒಳಗಿನಿಂದ ಕೇಳಿದರು.

"ಪಡಸಾಲ್ಯಾಗ ಹಾಕು."

"ಪಡಸಾಲ್ಯಾಗ?"

"ಎಂ.ಎ. ಪರೀಕ್ಷಾ ಬರದು ಬರ್ಲಿಕ್ಕತ್ತಾನ. ಅಂಗಳದಾಗ ಕೂಡಸ್ತೀಯೇನು?"

"ನಾ ಏನು ಬ್ಯಾಡ ಅಂದೆ? ಅವನಽ ಒಲ್ಲೆ ಅಂತಾನ, ನೋಡ್ಕೋತ ಇರ್ರಿ. ಸಣ್ಣವ ಇದ್ದಾಗಿಂದ ಆ ತುಳಸೀಕಟ್ಟಿ ಆಚೇನಽ ಕೂತು ಉಂಡಾನ," ಎಂದರು ಕಾಶೀಬಾಯಿ. ಆಮೇಲೆ, "ಉಣ್ಣೂ ಮನಸ್ಸರೆ ಎಲ್ಲಿರ್ತದ ಅವನಿಗೆ," ಎಂದು ತಮಗೆ ತಾವೇ ಅಂದುಕೊಂಡರು.

ಮಾಸ್ತರು ಅಂಗಳ ನೋಡಿದರು. ಬೆಳಿಗ್ಗೆ ನೀರು ಹಾಕಿ ರಂಗೋಲಿ ಇಟ್ಟಿತ್ತು. ಇದೇ ಅಂಗಳಕ್ಕೆ ಹುಡುಗನ ತಾಯಿ ಬುಗ್ಗಮ್ಮ ಮೂರು ತಿಂಗಳು ನೀರು ಹಾಕಿದ್ದಳು. ರಜಾಕಾರರ ಗಲಾಟೆ ಜೋರಾದ ವರ್ಷ ಅದು. ಮಾಸ್ತರು ಹೆಂಡತಿಯನ್ನು ಕಟ್ಟಿಕೊಂಡು, ಬೀಗ ಹಾಕಿ, ತುಂಗಭದ್ರೆ ದಾಟಿ ಮಂತ್ರಾಲಯದ ಛತ್ರದಲ್ಲಿ ಹೋಗಿ ಕೂತಿದ್ದರು. ಹೋಗಿಬರುವವರ ಕಣ್ಣಿಗೆ ಮನೆಯಲ್ಲಿ ಜನ ಇದ್ದಂತೆ ಕಾಣಲಿ ಎಂದು ಬುಗ್ಗಮ್ಮ, ಯಾರೂ ಹೇಳದಿದ್ದರೂ, ದಿನಾ ನಸುಕಿನಲ್ಲಿ ಬಂದು ಬಾಗಿಲಿಗೆ ನೀರು ಹಾಕಿ, ಬಾರದ ಕೈಯಲ್ಲಿ ನಾಲ್ಕು ಗೆರೆ ಎಳೆದು ಹೋಗುತ್ತಿದ್ದಳು. ಪೊಲೀಸ್ ಆಕ್ಷನ್ ಆಗಿ, ಹೈದರಾಬಾದು ಶರಣಾಗಿ, ಇವರು ತಿರುಗಿ ಬಂದಾಗ ಮನೆಯ ಒಂದು ಹಂಚೂ ಅಲುಗಿರಲಿಲ್ಲ. ಕಾಶೀಬಾಯಿ ಅವಳಿಗೆ ಒಂದು ಹಳೆಯ ಸೀರೆ ಕೊಟ್ಟರು, ಅವಳು ಅತ್ತ ಹೋದ ಮೇಲೆ ಅಂಗಳಕ್ಕೆಲ್ಲ ಸಗಣಿ ಸಾರಿಸಿ, ಹೊಸ್ತಿಲಿಗೆ ಗೋಮೂತ್ರ ಚಿಮುಕಿಸಿದರು. ಅದಕ್ಕೆ ಬಾವಿಯಿಂದ ನೀರು ಸೇದಿ ಕೊಟ್ಟವರು ಮಾಸ್ತರೇ.

ಹತ್ತು ಗಂಟೆಗೆ ಬೀದಿಗೆ ಇಳಿದರು. ಬಿಸಿಲು ಆಗಲೇ ನೆತ್ತಿಗೆ ಹತ್ತುತ್ತಿತ್ತು. ಅಡತಿ ಅಂಗಡಿಗಳ ಮುಂದೆ ಹೆಂಗಸರು ಸಾಲಾಗಿ ಕೂತು ಮೊರದಲ್ಲಿ ಕಾಳು ಹಸನು ಮಾಡುತ್ತಿದ್ದರು. ಆ ಸಾಲಿನ ತುದಿಯಲ್ಲಿ ಇಪ್ಪತ್ತು ವರ್ಷ ಕೂತವಳು ಬುಗ್ಗಮ್ಮ. ಮಾಸ್ತರು ಹಾದುಹೋಗುವಾಗ ಮೊರಗಳ ಸದ್ದು ಒಂದು ಗಳಿಗೆ ನಿಂತಿತು. ಇವತ್ತು ಬರುವವನು ಯಾರೆಂದು ಅವರಿಗೆ ಗೊತ್ತು. ನಲವತ್ತೊಂದು ದಿನ ಎಲ್ಲರೂ ಬಾಯಿ ಕಟ್ಟಿಕೊಂಡಿದ್ದರು. ಹೈದರಾಬಾದಿಗೆ ಹೋಗುವ ವ್ಯಾಪಾರಿಗಳನ್ನು ಮಾಸ್ತರು ಒಬ್ಬೊಬ್ಬರನ್ನಾಗಿ ಹಿಡಿದು ಕೈ ಮುಗಿದಿದ್ದರು, ಹುಡುಗನಿಗೆ ಪರೀಕ್ಷೆ ಇದೆ, ಮುಗಿಯಲಿ, ಅಲ್ಲಿಯ ತನಕ ಯಾರೂ ಉಸಿರು ಬಿಡಬೇಡಿ ಎಂದು. ಮಾಸ್ತರು ಹೇಳಿದ ಮೇಲೆ ಮುಗಿಯಿತು ಎಂದು ಊರು ಒಪ್ಪಿತ್ತು. ಊರಿನ ಜನ ಇಷ್ಟು ಒಳ್ಳೆಯವರಾಗದೆ ಒಬ್ಬನಾದರೂ ಚಾಡಿಕೋರ ಇದ್ದಿದ್ದರೆ ಚೆನ್ನಾಗಿತ್ತು ಎಂದು ಈಗ ಅವರಿಗೆ ಅನ್ನಿಸಿತು.

ಟಪಾಲು ಕಚೇರಿಯ ಕೆಂಪು ಡಬ್ಬಿ ದಾರಿಯಲ್ಲೇ ಸಿಕ್ಕಿತು. ಕಾರ್ಡು ಬರೆದ ದಿನ ಇದರ ಬಾಯಿಯ ತನಕ ಅವರ ಕೈ ಹೋಗಿತ್ತು. ಬುಗ್ಗಮ್ಮನಿಗೆ ಜ್ವರ ಬಂದು ಎರಡು ತಿಂಗಳಾದರೂ ಇಳಿದಿರಲಿಲ್ಲ, ಮೈಯೆಲ್ಲ ಕರಗಿ ಕಣ್ಣು ಮಾತ್ರ ಉಳಿದಿದ್ದವು. ಮಾಸ್ತರು ಗುಡಿಸಲಿನ ಹೊರಗೆ ನಿಂತು ಮಾತನಾಡಿಸಿದರು, ಯಾವಾಗಲೂ ಹಾಗೆಯೇ.

"ಮಾಸ್ತರ, ಉರುಕುಂದಗ ಒಂದು ಕಾರ್ಡು ಬರೀರಿ," ಎಂದಳು. "ಬಂದು ಮಾರಿ ತೋರಿಸಿ ಹೋಗಂತ. ಒಂದು ದಿನ ಸಾಕು. ಓದು ಕೆಡಸಾಕ ನಾ ಕರಿಯಂಗಿಲ್ಲ."

ಅವಳ ಕಣ್ಣೆದುರಿಗೇ, ಕಟ್ಟೆಯ ಮೇಲೆ ಕೂತು ಬರೆದರು. ನಿಮ್ಮ ತಾಯಿಯ ಮೈಯಲ್ಲಿ ನೆಟ್ಟಗಿಲ್ಲ, ನಿನ್ನನ್ನು ನೋಡಬೇಕೆನ್ನುತ್ತಾಳೆ, ಕೂಡಲೆ ಹೊರಟು ಬಾ. ಅವಳು ಎರಡು ಸಲ ಓದಿಸಿ ಕೇಳಿದಳು. ಆಮೇಲೆ, "ನನ್ನ ಹೆಬ್ಬೆಟ್ಟು ಒಂದು ಒತ್ತತೀನಿ ತಡೀರಿ," ಎಂದಳು. "ಇಲ್ಲಂದ್ರ ಅವ ನಂಬಂಗಿಲ್ಲ. ಮಾಸ್ತರು ನನಗ ಬಾ ಅಂತ ಬರಿಯೋರಲ್ಲ ಅಂತಾನ."

ಮಾಸ್ತರು ಒಂದು ಚಿಂದಿಗೆ ಮಸಿ ಹನಿಸಿ ಹೊಸ್ತಿಲ ಮೇಲೆ ಇಟ್ಟರು, ಕಾರ್ಡನ್ನೂ ಅಲ್ಲಿಯೇ ಇಟ್ಟು ಕೈ ಹಿಂದಕ್ಕೆ ತೆಗೆದುಕೊಂಡರು. ಅವಳು ತೆವಳಿಕೊಂಡು ಬಂದು ಒತ್ತಿದಳು. ಗುರುತು ಸ್ವಲ್ಪ ಜಾರಿ ಹಿಗ್ಗಿತು. "ಕೆಟ್ಟೀತೇನ್ರಿ?" ಎಂದು ಗಾಬರಿಯಾದಳು. ಕೆಟ್ಟಿಲ್ಲ ಎಂದರು.

ಆ ಕಾರ್ಡನ್ನು ಹಿಡಿದು ಈ ಡಬ್ಬಿಯ ಮುಂದೆ ನಿಂತಾಗ ಮಾಸ್ತರಿಗೆ ಕಂಡದ್ದು ಬುಗ್ಗಮ್ಮನಲ್ಲ, ಗದ್ವಾಲದ ಕೋಟೆಯ ಬದಿಯ ಒಂದು ಕೋಣೆ. ಅಲ್ಲಿ ಅವರು ವಾರಾನ್ನ ಮಾಡಿಕೊಂಡು, ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ ಉಂಡು, ಮೆಟ್ರಿಕ್ಕಿಗೆ ಓದುತ್ತಿದ್ದರು. ಪರೀಕ್ಷೆಗೆ ಇಪ್ಪತ್ತು ದಿನ ಇರುವಾಗ ಊರಿಂದ ತಾರು ಬಂತು, ಅಪ್ಪನಿಗೆ ಜೋರಾಗಿದೆ, ಬಾ. ಬಂದರು. ಕರ್ಮ ಮುಗಿಯಿತು, ಪುಸ್ತಕ ಮುಗಿಯಲಿಲ್ಲ. ತಂಗಿಯರು, ಹೊಲದ ವ್ಯಾಜ್ಯ, ತಾಯಿಯ ಅಳು. ಕೋಣೆಯಲ್ಲಿ ಬಿಟ್ಟುಬಂದ ಚಾಪೆ ತರುವುದಕ್ಕೂ ಮತ್ತೆ ಹೋಗಲಾಗಲಿಲ್ಲ. ಕರೆದರೆ ಮುಗಿಯಿತು, ಕರೆಯಿಸಿಕೊಂಡವನು ತಿರುಗಿ ಹೋಗುವುದಿಲ್ಲ, ಇದು ಅವರ ಮೈಗೆ ಗೊತ್ತಿದ್ದ ಸತ್ಯ. ಎರಡೇ ತಿಂಗಳು, ಅಷ್ಟು ದಿನ ಅವಳು ತಾಳಿಕೊಂಡಾಳು ಎಂದುಕೊಂಡರು. ಇದಿಷ್ಟೇ ಆಗಿದ್ದರೆ ತಮ್ಮನ್ನು ತಾವು ಕ್ಷಮಿಸಬಹುದಿತ್ತು. ಅದರ ಅಡಿಯಲ್ಲಿ ಇನ್ನೊಂದು ಇತ್ತು. ಮಕ್ತಲದ ಮೊದಲನೆಯ ಎಂ.ಎ. ಯಾರ ಕೈಯಲ್ಲಿ ಬೆಳೆದವನು ಎಂದು ಜನ ಕೇಳಿದಾಗ ಬರುವ ಹೆಸರು. ಆ ಹೆಸರಿನ ರುಚಿ ಆಗಲೇ ಬಾಯಿಗೆ ಬಂದಿತ್ತು. ಕಾರ್ಡು ಕೋಟಿನ ಒಳಜೇಬಿಗೆ ಇಳಿಯಿತು.

ಮುಂದಿನ ಹನ್ನೊಂದು ದಿನ ಬುಗ್ಗಮ್ಮ ಬಸ್ಸಿನ ಹೊತ್ತಿಗೆ ಸರಿಯಾಗಿ ಬಾಗಿಲಿಗೆ ಬಂದು ಒರಗಿದಳು. ಹಾರ್ನ್ ಕೇಳಿದರೆ ತಲೆಗೂದಲು ಸವರಿಕೊಳ್ಳುತ್ತಿದ್ದಳಂತೆ. "ಕಾರ್ಡು ಮುಟ್ಟಿರಬೇಕಲ್ರಿ ಮಾಸ್ತರ?" "ಮುಟ್ಟಿರಬೇಕು." ಕೊನೆಯ ದಿನ ಅವಳು ಕೇಳಲಿಲ್ಲ. ಇವರನ್ನೇ ಸಮಾಧಾನ ಮಾಡಿದಳು. "ಬರಲಾರದಂಥಾ ದೊಡ್ಡ ಓದು ಇರಬೇಕು ಬಿಡ್ರಿ. ಅವಂದೇನು ತಪ್ಪಿಲ್ಲ."

ಬಸ್ಸು ನಿಲ್ಲುವಲ್ಲಿದ್ದ ಅಂಜಯ್ಯನ ಚಹಾದ ಅಂಗಡಿಯ ಬೆಂಚಿನ ಮೇಲೆ ಮಾಸ್ತರು ಕೂತರು. ಅಂಜಯ್ಯ ಕೇಳುವ ಮೊದಲೇ ತೆಲುಗಿನಲ್ಲಿ, "ಎವರಿಕೀ ಚೆಪ್ಪಲೇದು ಸಾರೂ," ಎಂದ. ಯಾರಿಗೂ ಹೇಳಿಲ್ಲವಂತೆ. ಕಳ್ಳಸರಕು ಮುಚ್ಚಿಟ್ಟ ದನಿಯಲ್ಲಿ ಹೇಳಿದ್ದಕ್ಕೆ ಮಾಸ್ತರಿಗೆ ಮುಖ ಬಿಸಿಯಾಯಿತು. ಚಹಾ ಬೇಡವೆಂದರು. ಇನ್ನೂ ಅರ್ಧ ತಾಸಿತ್ತು.

ಹುಡುಗ ಬರೆದ ಕಾಗದಗಳು ನೆನಪಾದವು. ಅವನು ಎಂ.ಎ.ಗೆ ಸೇರಿದಾಗ ಪಾಠವೆಲ್ಲ ಉರ್ದುವಿನಲ್ಲಿತ್ತು. ಹಫೀಜ್ ಸಾಹೇಬರೆಂಬ ಇತಿಹಾಸದ ಉಸ್ತಾದರು ಅವನನ್ನು ಮನೆಗೇ ಕರೆದು ಓದಿಸುತ್ತಿದ್ದರು. ಯಾವ ಪುಸ್ತಕ ಮೊದಲು, ಯಾವುದು ಆಮೇಲೆ, ಓದಿದ್ದನ್ನು ಹೇಗೆ ಗುರುತು ಹಾಕಿಕೊಳ್ಳಬೇಕು, ದೊಡ್ಡವರ ಮಾತನ್ನು ಹೇಗೆ ಒಪ್ಪದೆ ಇರಬೇಕು, ಎಲ್ಲವನ್ನೂ ಅವರೇ ಕಲಿಸಿದ್ದು. ತಮ್ಮ ತಟ್ಟೆಯ ಪಕ್ಕದಲ್ಲೇ ತಟ್ಟೆ ಇಡಿಸುತ್ತಾರೆ ಎಂದೂ ಒಮ್ಮೆ ಬರೆದಿದ್ದ. ಆ ಸಾಲನ್ನು ಮಾಸ್ತರು ಹೆಂಡತಿಗೆ ಓದಿ ಹೇಳಲಿಲ್ಲ. ಪೊಲೀಸ್ ಆಕ್ಷನ್ ಆದ ನಾಲ್ಕು ತಿಂಗಳಿಗೆ ಹಫೀಜ್ ಸಾಹೇಬರು ಕರಾಚಿಗೆ ಹೊರಟುಹೋದರು. ಮರುವರ್ಷ ಪಾಠಗಳು ಇಂಗ್ಲಿಷಿಗೆ ಬದಲಾದವು. ಹುಡುಗ ಬರೆದ, "ಇಲ್ಲಿ ನನಗೆ ಯಾರನ್ನು ಏನು ಕೇಳಬೇಕೆಂದು ತಿಳಿಯುತ್ತಿಲ್ಲ. ಉರ್ದುವಿನಲ್ಲಿ ಉತ್ತರ ಹೇಳಿದೆನೆಂದು ಕ್ಲಾಸಿನವರು ನನಗೆ ರಜಾಕಾರ ಎಂದು ಹೆಸರಿಟ್ಟಿದ್ದಾರೆ. ಎಂ.ಎ. ಪುಸ್ತಕಗಳನ್ನು ಹೇಗೆ ಓದಬೇಕು, ತಾವು ತಿಳಿಸಬೇಕು."

ಬುಗ್ಗಮ್ಮನ ಮಗ ರಜಾಕಾರ! ಮಾಸ್ತರು ಹೊಟ್ಟೆ ಹಿಡಿದು ನಕ್ಕಿದ್ದರು. ನಕ್ಕು, ನಮ್ಮ ರಾಜ್ಯ ಬಂದಿದೆ, ಉರ್ದುವಿನ ಕಾಟ ತಪ್ಪಿತು, ಸಾಹೇಬರು ಹೋದದ್ದೇ ಒಳ್ಳೆಯದಾಯಿತು ಎಂದು ಬರೆದರು. ಹೇಗೆ ಓದಬೇಕೆಂಬುದಕ್ಕೆ, ಗಟ್ಟಿಯಾಗಿ ಓದು, ಬಾಯಿಪಾಠ ಮಾಡು ಎಂದು ಬರೆದರು. ಅವರಿಗೆ ಗೊತ್ತಿದ್ದದ್ದು ಅಷ್ಟೇ. ಗೊತ್ತಿಲ್ಲ ಎಂದು ಬರೆಯುವುದು ಮಾತ್ರ ಅವರಿಂದಾಗಲಿಲ್ಲ. ಕೊನೆಯಲ್ಲಿ ಒಂದು ಸಾಲು ಸೇರಿಸಿದರು, "ಎಂ.ಎ. ಆಗದೆ ಮಕ್ತಲದ ಬಸ್ಸು ಹತ್ತಬೇಡ." ಆ ಸಾಲು ಅವರಿಗೆ ಎಷ್ಟು ಹಿಡಿಸಿತೆಂದರೆ ಲಕೋಟೆ ಅಂಟಿಸುವ ಮೊದಲು ಕಾಶೀಬಾಯಿಗೆ ಎರಡು ಸಲ ಓದಿ ಹೇಳಿದ್ದರು. ಅದರ ಮೇಲೆ ಹುಡುಗನ ಕಾಗದಗಳು ಗಿಡ್ಡವಾದವು. ಕ್ಷೇಮ, ಓದು ನಡೆದಿದೆ, ಅವ್ವನಿಗೆ ಹೇಳಿರಿ. ಅಭ್ಯಾಸದಲ್ಲಿ ಮುಳುಗಿದ್ದಾನೆ ಎಂದು ಮಾಸ್ತರು ಹಿಗ್ಗಿದ್ದರು.

ಬಸ್ಸು ಹನ್ನೊಂದೂಕಾಲಕ್ಕೆ ಬಂತು. ಮೊದಲು ಇಳಿದದ್ದು ಒಂದು ತಗಡಿನ ಪೆಟ್ಟಿಗೆ, ಆಮೇಲೆ ಉರುಕುಂದಪ್ಪ. ಸೊರಗಿದ್ದ, ಬೆರಳುಗಳ ಸಂದಿಯಲ್ಲಿ ಅಂಟು ಒಣಗಿದಂಥ ಬಿಳಿ ಪೊರೆ. ಮಾಸ್ತರನ್ನು ನೋಡಿ ಬೆಚ್ಚಿದ. ಅವರು ಎದುರುಗೊಳ್ಳಲು ಬಂದಾರೆಂದು ಎಣಿಸಿರಲಿಲ್ಲ. ಅಂಜಯ್ಯ ಒಲೆಯ ಕಡೆ ಮುಖ ತಿರುಗಿಸಿಕೊಂಡ.

"ಬಾರಪ್ಪ, ನೆರಳಿಗೆ ಬಾ," ಎಂದು ಮಾಸ್ತರು ಅವನನ್ನು ಬೇವಿನ ಮರದ ಕೆಳಗೆ ಕರೆದೊಯ್ದರು. ಬಾಯಿ ತೆರೆದರು. ಅಷ್ಟರಲ್ಲಿ ಅವನು ಪೆಟ್ಟಿಗೆ ಇಳಿಸಿ, ಯಾವಾಗಲೂ ಮಾಡುವಂತೆ ಅವರ ಪಾದ ಮುಟ್ಟದೆ, ಪಾದದ ಮುಂದಿನ ನೆಲ ಮುಟ್ಟಿ ನಮಸ್ಕರಿಸಿದ. ಏಳಲಿಲ್ಲ.

"ಮಾಸ್ತರ, ನಾ ಪರೀಕ್ಷಾ ಬರದಿಲ್ರಿ."

ಮಾಸ್ತರಿಗೆ ಅರ್ಥವಾಗಲಿಲ್ಲ. "ಯಾವ ಪೇಪರು?" ಎಂದರು.

"ಯಾವದೂ ಬರದಿಲ್ಲ. ಸಂಕ್ರಾಂತಿಗೇ ಬಿಟ್ಟೀನ್ರಿ. ಕ್ಲಾಸಿನ್ಯಾಗ ಕುಂತ್ರ ಏನೂ ತಿಳೀವಲ್ದು. ಕೇಳಾಕ ಯಾರೂ ಇರಲಿಲ್ಲ. ನಿಮಗ ಬರದೆ..." ಎಂದು ನಿಲ್ಲಿಸಿದ. ಅವರನ್ನು ದೂರಿದಂತಾಯಿತೇನೋ ಎಂದು ಮಾತು ಬದಲಿಸಿದ. "ನಂದಽ ತಪ್ಪು. ಅಫ್ಜಲ್‌ಗಂಜಿನ್ಯಾಗ ಬುಕ್ ಬೈಂಡಿಂಗ್ ಅಂಗಡ್ಯಾಗ ಪುಸ್ತಕ ಹೊಲಿಯಾಕ ಸೇರೀನಿ. ಊರಿಗೆ ಬರಬೇಕಂತ ನಾಕು ಸಲ ಬಸ್‌ಸ್ಟ್ಯಾಂಡಿಗೆ ಬಂದಿದ್ದೆ. ನಿಮ್ಮ ಮಾತು ನೆನಪಾಗಿ ತಿರುಗಿ ಹೋದೆ." ಈಗ ತಲೆ ಎತ್ತಿದ. "ಒಂದು ಉಪಕಾರ ಮಾಡ್ರಿ ಮಾಸ್ತರ. ಅವ್ವಗ ಈಗ ಹೇಳಬ್ಯಾಡ್ರಿ. ಅಕಿ ಎದಿ ಒಡಕೋತಾಳ. ನಾನಽ ಹೊತ್ತು ನೋಡಿ ಹೇಳ್ತೀನಿ."

ಬೇವಿನ ಹೂವು ಉದುರುತ್ತಿತ್ತು. ಒಂದು ಅವನ ಕೂದಲಲ್ಲಿ ಸಿಕ್ಕಿಕೊಂಡದ್ದನ್ನು ಮಾಸ್ತರು ನೋಡುತ್ತಲೇ ಇದ್ದರು. ಹತ್ತು ಥರ ಸಿದ್ಧಮಾಡಿದ ಮಾತುಗಳಲ್ಲಿ ಎಲ್ಲದರಲ್ಲೂ ಪರೀಕ್ಷೆ ಇತ್ತು. ಪರೀಕ್ಷೆಯೊಂದನ್ನು ತೆಗೆದರೆ ಆ ಮಾತುಗಳು ನಿಲ್ಲುತ್ತಿರಲಿಲ್ಲ. ಇಲ್ಲದ ಪರೀಕ್ಷೆಗಾಗಿ ಒಬ್ಬ ತಾಯಿಯನ್ನು ಹನ್ನೊಂದು ದಿನ ಬಾಗಿಲಲ್ಲಿ ಕೂರಿಸಿದ್ದೆ. ನಾಲ್ಕು ಸಲ ಬಸ್ಸಿನ ತನಕ ಬಂದವನನ್ನು ನಾನೇ ಅಲ್ಲಿಂದಲೇ ಹಿಂದಕ್ಕೆ ಅಟ್ಟಿದ್ದೆ. ಕೈ ತಾನಾಗಿ ಕೋಟಿನೊಳಗೆ ಹೋಗಿ ಕಾರ್ಡು ತೆಗೆದು ಅವನ ಮುಂದೆ ಹಿಡಿಯಿತು.

ಅವನು ಓದಿದ. ತಿರುವಿ ವಿಳಾಸ ನೋಡಿದ, ಅದರ ಮೇಲೆ ಟಪಾಲಿನ ಮೊಹರು ಇಲ್ಲದ್ದನ್ನು ನೋಡಿದ. ಮತ್ತೆ ತಿರುವಿ ಹೆಬ್ಬೆಟ್ಟಿನ ಗುರುತಿನ ಹತ್ತಿರ ತನ್ನ ಬೆರಳು ತಂದು, ಮುಟ್ಟದೆ ಹಿಡಿದ. ತಾರೀಖು ಹೆಚ್ಚುಕಡಿಮೆ ಎರಡು ತಿಂಗಳ ಹಿಂದಿನದು.

"ಈಗ ಹ್ಯಾಂಗದಾಳ್ರಿ?" ಎಂದ. ಕೇಳುವಾಗಲೇ ಅವನಿಗೆ ಗೊತ್ತಾಗಿತ್ತು.

ಮಾಸ್ತರು ತಲೆ ಅಲ್ಲಾಡಿಸಿದರು. "ನಲವತ್ತೊಂದು ದಿನ ಆತಪ್ಪ. ಕಾರ್ಡು ನಾ ಹಾಕಲಿಲ್ಲ. ಹಾಕೀನಿ ಅಂತ ಅಕಿಗೆ ಸುಳ್ಳು ಹೇಳಿದೆ. ಸತ್ತ ಮ್ಯಾಲೂ ತಿಳಸಗೊಡಲಿಲ್ಲ. ಪರೀಕ್ಷಾ ಅದ ಅಂತ..." ಆ ಶಬ್ದವನ್ನು ಅಲ್ಲಿಯೇ ಬಿಟ್ಟರು.

ಉರುಕುಂದಪ್ಪ ಪೆಟ್ಟಿಗೆಯ ಮೇಲೆ ಕೂತ. ಮಾಸ್ತರೆದುರು ಅವನು ಕೂತದ್ದು ಅದೇ ಮೊದಲು. "ನನ್ನ ಕೇಳಿದಳೇನ್ರಿ?" ಎಂದ.

"ದಿನಾ ಕೇಳಿದಳು. ಕಡೀಗೆ, ಬರಲಾರದಂಥಾ ದೊಡ್ಡ ಓದು ಇರಬೇಕು ಬಿಡ್ರಿ ಅಂದಳು."

"ನಾ ಖಾಲಿ ಇದ್ದೆ ಮಾಸ್ತರ," ಎಂದ ಅವನು. "ಆ ತಿಂಗಳು ಅಂಗಡ್ಯಾಗ ಕೆಲಸಾನೂ ಇರಲಿಲ್ಲ. ದಿನಾ ಮೂಸಿ ನದಿ ದಂಡಿಗೆ ಕುಂದ್ರತಿದ್ದೆ." ಹೇಳಿ, ಅಳುವುದನ್ನು ಯಾರಾದರೂ ಶುರುಮಾಡಿಕೊಡಲಿ ಎನ್ನುವವನ ಹಾಗೆ ಸುತ್ತ ನೋಡಿದ. ಯಾರೂ ಇರಲಿಲ್ಲ. ಆಮೇಲೆ ಅವನೇ ಅತ್ತ. ಮಾಸ್ತರು ಅವನ ಬೆನ್ನ ಮೇಲೆ ಕೈ ಇಡಬೇಕೆಂದು ಚಾಚಿದರು. ಹದಿನೈದು ವರ್ಷ ಮುಟ್ಟದ ಕೈ ಎಲ್ಲಿ ಇಳಿಯಬೇಕೆಂದು ತಿಳಿಯದೆ ಗಾಳಿಯಲ್ಲಿ ನಿಂತು, ಕೋಟಿನ ಗುಂಡಿ ಹಿಡಿದುಕೊಂಡಿತು.

ಅಳು ಇಳಿದ ಮೇಲೂ ಕಾರ್ಡು ಅವನ ಕೈಯಲ್ಲೇ ಇತ್ತು. ಮಾಸ್ತರು ಹಿರಿಯರ ದನಿ ತಂದುಕೊಂಡು ರೂಢಿಯ ಮಾತು ಹೇಳಿದರು. ಸಾವಿನ ಸುದ್ದಿಯ ಕಾಗದವನ್ನು ಓದಿದ ಕೂಡಲೆ ಹರಿಯಬೇಕು, ಮನೆಯೊಳಗೆ ಒಯ್ಯಬಾರದು. "ಅದನ್ನ ಇಲ್ಲೇ ಹರದು ಚೆಲ್ಲಪ್ಪ."

"ಇದು ಸಾವಿನ ಕಾಗದ ಅಲ್ರಿ ಮಾಸ್ತರ," ಎಂದ ಉರುಕುಂದಪ್ಪ. "ಬಾ ಅಂತ ಬರದದ್ದು." ಮಡಿಸದೆ, ಹಾಗೆಯೇ ಅಂಗಿಯ ಜೇಬಿನಲ್ಲಿಟ್ಟುಕೊಂಡ.

ಪೆಟ್ಟಿಗೆಯನ್ನು ಅಂಜಯ್ಯನ ಅಂಗಡಿಯಲ್ಲಿ ಬಿಟ್ಟು ಹಳ್ಳದ ದಾರಿ ಹಿಡಿದರು. ಮುಂದೆ ಅವನು, ಹಿಂದೆ ಮಾಸ್ತರು. ಬೈದರೆ ಬೈಸಿಕೊಳ್ಳಬೇಕೆಂದು, ಕೊರಳಪಟ್ಟಿ ಹಿಡಿದರೆ ಹಿಡಿಸಿಕೊಳ್ಳಬೇಕೆಂದು ಮಾಸ್ತರು ದಾರಿಯುದ್ದಕ್ಕೂ ಕಾದರು. ಅವನು ಮುಳ್ಳು ಇದ್ದ ಕಡೆ, "ಈ ಕಡೆ ಬರ್ರಿ," ಎಂದು ತೋರಿಸುತ್ತ ನಡೆದ. "ಮಣ್ಣು ಯಾರು ಕೊಟ್ರು?" ಎಂದು ಒಂದು ಸಲ ಕೇಳಿದ. ನಿನ್ನ ಸೋದರಮಾವ ಮೊಗುಲಪ್ಪ ಎಂದರು. ಅದು ನಿಜ, ಪೂರಾ ನಿಜವಲ್ಲ. ಕುಣಿಯಲ್ಲಿ ಬುಗ್ಗಮ್ಮನನ್ನು ಇಳಿಸಿದ ಮೇಲೆ ಮೊಗುಲಪ್ಪ ಇವರ ಕಡೆ ತಿರುಗಿದ್ದ. "ಪರೀಕ್ಷಾ ಅಂದ್ರಿ, ಆತು. ಮಗನ ಪಾಲಿನ ಮೊದಲನೇ ಹಿಡಿ ನೀವಽ ಹಾಕ್ರಿ ಮಾಸ್ತರ. ಅವಗ ತಂದಿ ಅಂದ್ರ ನೀವಽ ಅಲ್ಲೇನು." ಎಲ್ಲರೂ ದಾರಿ ಬಿಟ್ಟು ನಿಂತರು. ಮಾಸ್ತರು ಅರ್ಧ ಹೆಜ್ಜೆ ಹಿಂದೆ ಸರಿದರು. ಅರ್ಧವೇ ಹೆಜ್ಜೆ. ಆದರೆ ಅಲ್ಲಿದ್ದವರಿಗೆಲ್ಲ ಅದು ಕಂಡಿತು. ಮೊಗುಲಪ್ಪ ಬಗ್ಗಿ ತಾನೇ ಮಣ್ಣು ತೆಗೆದುಕೊಂಡ.

ಹಳ್ಳದ ದಂಡೆಯಲ್ಲಿ ದಿಬ್ಬ ಆಗಲೇ ಕುಗ್ಗಿ ನೆಲದ ಸಮಕ್ಕೆ ಬರುತ್ತಿತ್ತು. ತಲೆಯ ಕಡೆ ಒಂದು ಕಲ್ಲು. ಉರುಕುಂದಪ್ಪ ಚಪ್ಪಲಿ ಬಿಟ್ಟು ಹತ್ತಿರ ಹೋದ. ಈ ಸಲ ಹಿಂದೆ ಸರಿಯಬಾರದು, ಸತ್ತರೂ ಸರಿಯಬಾರದು ಎಂದು ಮಾಸ್ತರು ಅವನ ಬೆನ್ನಿಗೇ ಎರಡು ಹೆಜ್ಜೆ ಇಟ್ಟರು. ಚಪ್ಪಲಿ ಅವರೂ ಬಿಟ್ಟಿದ್ದರು, ಮಣ್ಣು ಸುಡುತ್ತಿತ್ತು. ಸಪ್ಪಳ ಕೇಳಿ ಅವನು ತಿರುಗಿದ.

"ಅಲ್ಲೇ ನಿಂದರ್ರಿ ಮಾಸ್ತರ," ಎಂದ. ಸಿಟ್ಟಿರಲಿಲ್ಲ. ಚಿಕ್ಕಂದಿನಿಂದ ಅವರ ಬಾವಿಕಟ್ಟೆಯ ಹತ್ತಿರ, ಅವರ ಹೊಸ್ತಿಲ ಹತ್ತಿರ ಎಷ್ಟು ಮರ್ಯಾದೆಯಿಂದ ಸರಿದು ನಿಲ್ಲುತ್ತಿದ್ದನೋ ಅದೇ ಮರ್ಯಾದೆ ಆ ದನಿಯಲ್ಲಿತ್ತು. "ನಿಮಗ ಮೈಲಿಗಿ ಆಗ್ತೈತಿ. ಬಿಸಲಾಗ ಮತ್ತ ಸ್ನಾನ ಮಾಡಬೇಕಾಗ್ತೈತಿ."

ಮಾಸ್ತರು ಅಲ್ಲೇ ನಿಂತರು. ಅವನು ದಿಬ್ಬದ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು, ಒಂದು ಹಿಡಿ ಮಣ್ಣು ತೆಗೆದು ಮೆಲ್ಲಗೆ ಬಿಟ್ಟ. ಜೇಬಿನಿಂದ ಕಾರ್ಡು ತೆಗೆದ. ಆ ಗುರುತಿನ ಮೇಲೆ ಈಗ ತನ್ನ ಹೆಬ್ಬೆಟ್ಟು ಇಟ್ಟ. ಒಳಗೆ ಮಲಗಿದವರನ್ನು ಬಾಗಿಲಲ್ಲಿ ನಿಂತು ಎಬ್ಬಿಸುವವನ ದನಿಯಲ್ಲಿ ಅವನು ಹೇಳಿದ್ದು, ಅಷ್ಟು ದೂರದಲ್ಲಿ ನಿಂತಿದ್ದ ರಾಘಣ್ಣ ಮಾಸ್ತರಿಗೂ ಕೇಳಿಸಿತು.

"ಅವ್ವಾ, ನಿನ್ನ ಕಾರ್ಡು ಮುಟ್ಟೇತಿ. ಬಂದೀನಿ."